ಬಿಲ್ಲಿನ ಕೆಳಗಿನ ಖಾಲಿ ಗೆರೆ

ಸೇಡಂ ಕಡೆಯ ತಂದೆ-ತಾಯಿ ಅಮೆರಿಕದ ಡಲ್ಲಾಸಿನಲ್ಲಿರುವ ಮಗನ ಮನೆಗೆ ಹೋಗಿದ್ದಾರೆ, ಒಂದು ಸಂಜೆ ಎಲ್ಲರೂ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮೆನುವಿನ ಲೆಕ್ಕಕ್ಕೆ ಊಟದ ಬೆಲೆ 80 ಡಾಲರು. ಟೆಕ್ಸಸ್ ರಾಜ್ಯದಲ್ಲಿ ಮಾರಾಟ ತೆರಿಗೆ ಶೇ 8.25ರ ತನಕ ಇದೆ. ಅದು 6 ಡಾಲರು 60 ಸೆಂಟು. ಬಿಲ್ಲಿನ ಕೆಳಗೆ 'ಟಿಪ್' ಎಂದು ಅಚ್ಚಾದ ಪದದ ಮುಂದೆ ಒಂದು ಖಾಲಿ ಗೆರೆ. ಮಗ ಅಲ್ಲಿ 14 ಡಾಲರು 40 ಸೆಂಟು ಎಂದು ಬರೆದು, ಒಟ್ಟು 101 ಡಾಲರು ಮಾಡಿ ಸಹಿ ಹಾಕುತ್ತಾನೆ. ತಂದೆ ಅದನ್ನು ರೂಪಾಯಿಗೆ ತಿರುಗಿಸಿ ನೋಡುತ್ತಾರೆ. ಬಡಿಸಿದ ಹುಡುಗನೊಬ್ಬನಿಗೇ ಸಾವಿರ ರೂಪಾಯಿಗೂ ಮೇಲೆ! ಊರಿನ ಖಾನಾವಳಿಯಲ್ಲಿ ಸೋಪಿನ ತಟ್ಟೆಗೆ ಹತ್ತು ರೂಪಾಯಿ ಹಾಕಿ ಎದ್ದು ಬರುವವರಿಗೆ ಇದು ದುಂದು ಅನ್ನಿಸುವುದು ಸಹಜ. ಇಷ್ಟೇಕೆ ಎಂದು ಅವರು ಕೇಳುತ್ತಾರೆ. ಇಲ್ಲಿ ಹೀಗೇ ಎಂದು ಮಗ ಹೇಳುತ್ತಾನೆ. ಆ ಉತ್ತರ ಸಾಲದು. ಯಾಕೆ ಹೀಗೆ ಎಂದು ತಿಳಿದರೆ ಆ ದುಡ್ಡು ಕೊಡುವಾಗ ಕೈ ಹಿಂಜರಿಯುವುದಿಲ್ಲ, ಕೊಡಬೇಕಿಲ್ಲದ ದೇಶದಲ್ಲಿ ಸಂಕೋಚಕ್ಕೆ ಸಿಕ್ಕಿ ಕೊಡುವ ಪ್ರಸಂಗವೂ ಬರುವುದಿಲ್ಲ.

ಕೋಡ್ಲಾ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಲಿನ ಮಂದಿ ಹೊರದೇಶಕ್ಕೆ ಹೋಗುವುದು ಈಗ ಅಪರೂಪದ ಸುದ್ದಿಯಲ್ಲ. ಸಿಮೆಂಟು ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು ಎಂಜಿನಿಯರಾಗಿ ಅಮೆರಿಕ ಸೇರಿದ್ದಾರೆ. ದುಡಿಯಲು ದುಬೈ, ಸೌದಿಗೆ ಹೋದವರಿದ್ದಾರೆ, ಉಮ್ರಾಕ್ಕೆ ಹೋಗುವ ಕುಟುಂಬಗಳಿವೆ. ನಿವೃತ್ತಿಯ ಹಣದಲ್ಲಿ ಸಿಂಗಾಪುರ, ಥಾಯ್ಲೆಂಡ್, ಯುರೋಪು ನೋಡಿಬರುವ ಮೇಷ್ಟರು, ಬ್ಯಾಂಕಿನವರು ಇದ್ದಾರೆ. ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣ ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಪಾಸ್‌ಪೋರ್ಟು, ವೀಸಾ, ವಿಮೆಯ ವಿಷಯವನ್ನು ಏಜೆಂಟರು ವಿವರವಾಗಿ ಹೇಳುತ್ತಾರೆ. ಟಿಪ್ಪಿನ ವಿಷಯ ಮಾತ್ರ ಟೂರಿನ ಕರಾರಿನಲ್ಲಿ ಒಂದು ಸಣ್ಣ ಸಾಲಾಗಿ ಉಳಿದುಬಿಡುತ್ತದೆ.

ಮೊದಲು ಅಮೆರಿಕವನ್ನೇ ಬಿಡಿಸಿ ನೋಡೋಣ, ಏಕೆಂದರೆ ಗೊಂದಲ ಹೆಚ್ಚು ಇರುವುದು ಅಲ್ಲೇ. ಅಲ್ಲಿ ಕೇಂದ್ರ ಸರ್ಕಾರ ಗೊತ್ತುಮಾಡಿದ ಕನಿಷ್ಠ ಪಗಾರ ತಾಸಿಗೆ 7 ಡಾಲರು 25 ಸೆಂಟು. 2009ರಿಂದ ಅದು ಏರಿಲ್ಲ. ಟಿಪ್ ಬರುವ ಕೆಲಸದವರಿಗೆ ಮಾತ್ರ ಬೇರೆ ನಿಯಮ: ಮಾಲೀಕ ತನ್ನ ಜೇಬಿನಿಂದ ತಾಸಿಗೆ 2 ಡಾಲರು 13 ಸೆಂಟು ಕೊಟ್ಟರೆ ಸಾಕು, ಉಳಿದದ್ದನ್ನು ಗಿರಾಕಿಗಳ ಟಿಪ್ ತುಂಬಬೇಕು. ಈ 2 ಡಾಲರು 13 ಸೆಂಟು 1991ರಿಂದ ಒಂದು ಸೆಂಟೂ ಹೆಚ್ಚಾಗಿಲ್ಲ. ಎಂಟು ತಾಸು ನಿಂತು ಬಡಿಸಿದವನಿಗೆ ಮಾಲೀಕನಿಂದ ಸಿಗುವುದು 17 ಡಾಲರಿನ ಆಸುಪಾಸು, ಕನಿಷ್ಠ ಪಗಾರದ ಲೆಕ್ಕಕ್ಕೆ ಸಿಗಬೇಕಾದದ್ದು 58 ಡಾಲರು. ಟಿಪ್ ಕಡಿಮೆ ಬಿದ್ದರೆ ವ್ಯತ್ಯಾಸವನ್ನು ಮಾಲೀಕನೇ ತುಂಬಬೇಕೆಂದು ಕಾನೂನು ಹೇಳುತ್ತದೆ. ಆದರೆ ಅದೂ 58 ಡಾಲರಿನ ತನಕವೇ, ಅಷ್ಟರಲ್ಲಿ ಅಲ್ಲಿ ಸಂಸಾರ ನಡೆಯುವುದಿಲ್ಲ. ಟೆಕ್ಸಸ್ ಈ ಕೇಂದ್ರದ ದರವನ್ನೇ ಅನುಸರಿಸುವ ರಾಜ್ಯ. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟದಂಥ ಏಳು ರಾಜ್ಯಗಳು ಮಾತ್ರ ಬಡಿಸುವವರಿಗೂ ಪೂರ್ತಿ ಕನಿಷ್ಠ ಪಗಾರ ಕೊಡಿಸುತ್ತವೆ. ರೂಢಿ ಎಷ್ಟು ಬೇರೂರಿದೆ ಎಂದರೆ ಟಿಪ್ ಅಲ್ಲಿಯೂ ನಿಂತಿಲ್ಲ.

ಇದನ್ನು ಅರಿಯಲು ನಮ್ಮ ಹಳ್ಳಿಗಳ ಹಿರಿಯರಿಗೆ ಬೇರೆ ಪಾಠ ಬೇಕಿಲ್ಲ. ರಾಶಿ ಮುಗಿಯುವ ಹೊತ್ತಿಗೆ ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಕಣಕ್ಕೆ ಬಂದು ತಮ್ಮ ಆಯ ಒಯ್ಯುತ್ತಿದ್ದ ಕಾಲ ಅವರಿಗೆ ನೆನಪಿದೆ. ವರ್ಷವಿಡೀ ಕುಂಟೆ-ಕೂರಿಗೆ ರಿಪೇರಿ ಮಾಡಿದವನಿಗೆ ಅಳೆದುಕೊಡುವ ಜೋಳವನ್ನು ಯಾರೂ ದಾನ ಎನ್ನುತ್ತಿರಲಿಲ್ಲ. ಅದು ದುಡಿಮೆಯ ಪಾಲು, ಕೊಡದಿದ್ದರೆ ಊರೇ ತಪ್ಪು ಎನ್ನುತ್ತಿತ್ತು. ಅಮೆರಿಕದ ಟಿಪ್ ಈ ಆಯಕ್ಕೆ ಹತ್ತಿರ. ನಿಜಾಮರ ಕಾಲದಿಂದ ನಮ್ಮ ಬಾಯಲ್ಲಿರುವ ಭಕ್ಷೀಸಿನ ಹಾಗೆ ಮೇಲಿನವರು ಖುಷಿಯಾದಾಗ ಕೆಳಗಿನವರ ಕೈಗೆ ಹಾಕುವ ಹಣ ಅದಲ್ಲ. ಸೇವೆ ಸಾಧಾರಣವಾಗಿತ್ತು, ಅದಕ್ಕೇ ಏನೂ ಕೊಡಲಿಲ್ಲ ಎನ್ನುವುದು ಅಲ್ಲಿ ಪಗಾರ ಕಡಿದಂತೆಯೇ ಲೆಕ್ಕ. ಬಡಿಸಿದವನು ತನ್ನ ಟಿಪ್ಪಿನಲ್ಲಿ ತಟ್ಟೆ ತೆಗೆಯುವವನಿಗೆ, ಪಾನೀಯ ಕೊಡುವವನಿಗೆ ಪಾಲು ಕೊಡಬೇಕಾದ ಹೋಟೆಲುಗಳೂ ಇವೆ. ನೀವು ಬಿಟ್ಟ ಸೊನ್ನೆ ಒಬ್ಬನಿಗೇ ತಟ್ಟುವುದಿಲ್ಲ.

ಆಯದಲ್ಲಿದ್ದ ಅನ್ಯಾಯವೂ ಈ ಟಿಪ್ಪಿನಲ್ಲಿದೆ. ಆಯಗಾರ ತನ್ನ ಪಾಲಿಗಾಗಿ ಕಣದ ಅಂಚಿನಲ್ಲಿ ಕಾಯಬೇಕಿತ್ತು, ಜಾತಿ ಅವನನ್ನು ಆ ಅಂಚಿನಲ್ಲೇ ನಿಲ್ಲಿಸಿತ್ತು, ಅಳೆಯುವ ಸೇರು ಇನ್ನೊಬ್ಬನ ಕೈಯಲ್ಲಿತ್ತು. ಅಮೆರಿಕದಲ್ಲಿ ಗುಲಾಮಗಿರಿ 1865ರಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡಿತು. ಅದಾದ ಎರಡೇ ವರ್ಷಕ್ಕೆ ಜಾರ್ಜ್ ಪುಲ್‌ಮನ್ ಎಂಬಾತ ರೈಲಿನ ಮಲಗುವ ಡಬ್ಬಿಗಳ ಕಂಪನಿ ಕಟ್ಟಿದ. ಹಾಸಿಗೆ ಹಾಸಲು, ಬೂಟು ತಿಕ್ಕಲು, ಸಾಮಾನು ಎತ್ತಲು ಗುಲಾಮಗಿರಿಯಿಂದ ಹೊರಬಂದ ಕಪ್ಪು ಜನರನ್ನೇ ಆರಿಸಿ ಕೆಲಸಕ್ಕಿಟ್ಟುಕೊಂಡ. ಪಗಾರ ಹೊಟ್ಟೆಗೆ ಸಾಲದಷ್ಟು, ಉಳಿದದ್ದಕ್ಕೆ ಪ್ರಯಾಣಿಕರ ಮುಖ ನೋಡಬೇಕು. ವಾಡಿ ಜಂಕ್ಷನ್ನಿನಲ್ಲಿ ರೈಲಿನವರ ಬದುಕು ಕಂಡವರಿಗೆ ಆ ಕೆಲಸದ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳ್ತನದಲ್ಲಿ ಈ ಕೆಲಸಗಾರರು ಸಂಘ ಕಟ್ಟಿಕೊಂಡರು. ಹನ್ನೆರಡು ವರ್ಷ ಹೋರಾಡಿದ ಮೇಲೆ, 1937ರಲ್ಲಿ, ಕಂಪನಿ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಟಿಪ್ ಕೊಡುವುದು ಮನುಷ್ಯರನ್ನು ಮೇಲು-ಕೀಳು ಮಾಡುತ್ತದೆ ಎಂದು ವಾಷಿಂಗ್ಟನ್ ರಾಜ್ಯ 1909ರಲ್ಲಿ ಅದನ್ನು ನಿಷೇಧಿಸಿಯೂ ನೋಡಿತ್ತು. ಆ ನಿಷೇಧ ಬಾಳಲಿಲ್ಲ. 1966ರಲ್ಲಿ ಹೋಟೆಲು ಕೆಲಸಗಾರರನ್ನು ಕನಿಷ್ಠ ಪಗಾರದ ಕಾನೂನಿನೊಳಗೆ ತಂದಾಗ, ಟಿಪ್ಪನ್ನೇ ಪಗಾರದ ಒಂದು ಭಾಗವೆಂದು ಎಣಿಸಲು ಮಾಲೀಕರಿಗೆ ದಾರಿಯೂ ಸಿಕ್ಕಿತು.

ಈ ಪದ್ಧತಿ ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ದುಡಿಸಿಕೊಂಡವನು ಪೂರ್ತಿ ಪಗಾರ ಕೊಡಬೇಕು, ಗಿರಾಕಿಯ ಮರ್ಜಿಗೆ ಬಿಡಬಾರದು. ಆದರೆ ಆ ಅನ್ಯಾಯವನ್ನು ನಾವು ಟಿಪ್ ಕೊಡದೆ ಸರಿಪಡಿಸಲಾರೆವು. ಮಾಲೀಕನಿಗೆ ಊಟದ 80 ಡಾಲರು ಪೂರ್ತಿ ಮುಟ್ಟಿರುತ್ತದೆ, ನಷ್ಟ ಬಡಿಸಿದವನಿಗೆ ಮಾತ್ರ. ಅದಕ್ಕೇ ಅಮೆರಿಕಕ್ಕೆ ಹೋಗುವವರು ಕೂತು ಉಣ್ಣುವ ಹೋಟೆಲಿನ ಬೆಲೆಗೆ ಶೇ 18ರಿಂದ 20ನ್ನು ಮನೆಯಲ್ಲೇ ಕೂಡಿಸಿಕೊಂಡು ಹೊರಡಬೇಕು. ಅಷ್ಟು ಭಾರವಾದರೆ ಎರಡು ಸಲ ಹೋಗುವ ಹೋಟೆಲಿಗೆ ಒಂದೇ ಸಲ ಹೋಗಿ.

ಲೆಕ್ಕ ಹಾಕುವಾಗ ಒಂದೆರಡು ಎಚ್ಚರ ಬೇಕು. ಟಿಪ್ಪಿನ ಶೇಕಡಾವಾರು ತೆರಿಗೆ ಸೇರಿಸುವ ಮೊದಲಿನ ಮೊತ್ತಕ್ಕೆ ಹಾಕಿದರೆ ಸಾಕು. ಆರೇಳು ಜನ ಒಟ್ಟಿಗೆ ಕೂತರೆ ಅನೇಕ ಹೋಟೆಲುಗಳು ಶೇ 18ರಷ್ಟನ್ನು ತಾವೇ ಬಿಲ್ಲಿಗೆ ಸೇರಿಸುತ್ತವೆ. ಅದನ್ನು ಗಮನಿಸದೆ ಮತ್ತೆ ಬರೆದರೆ ಎರಡು ಸಲ ಕೊಟ್ಟಂತಾಗುತ್ತದೆ. ಕಾಫಿ ಅಂಗಡಿಯ ಗಲ್ಲೆಯ ಮುಂದೆ ಕಾರ್ಡು ತೋರಿಸಿದಾಗ ಪರದೆಯ ಮೇಲೆ 18, 20, 25 ಎಂಬ ಅಂಕಿಗಳು ಮೂಡಿ, ಹಿಂದೆ ಸಾಲಿನಲ್ಲಿ ನಿಂತವರು ನೋಡುತ್ತಿರುತ್ತಾರೆ. ನೀವೇ ಲೋಟ ಎತ್ತಿಕೊಂಡು ಹೋಗುವ ಕಡೆ 'ಟಿಪ್ ಇಲ್ಲ' ಎಂಬುದನ್ನು ಒತ್ತುವುದು ತಪ್ಪಲ್ಲ, ಅಮೆರಿಕನ್ನರೂ ಒತ್ತುತ್ತಾರೆ. ಟ್ಯಾಕ್ಸಿಗೆ ಶೇ 15ರಷ್ಟು, ವಸತಿಗೃಹದಲ್ಲಿ ಸಾಮಾನು ತಂದುಕೊಟ್ಟವನಿಗೆ ಚೀಲಕ್ಕೆ ಒಂದೆರಡು ಡಾಲರು ರೂಢಿ. ಕೋಣೆ ಸ್ವಚ್ಛ ಮಾಡುವವರನ್ನು ಎಲ್ಲರೂ ಮರೆಯುತ್ತಾರೆ. ನಿಮ್ಮ ಹಾಸಿಗೆ ಸರಿಪಡಿಸುವ ಆ ಹೆಂಗಸು ನಿಮ್ಮ ಕಣ್ಣಿಗೂ ಬಿದ್ದಿರುವುದಿಲ್ಲ. ದಿನಕ್ಕೆ 2ರಿಂದ 5 ಡಾಲರನ್ನು ದಿಂಬಿನ ಹತ್ತಿರ ಇಟ್ಟು, ಅದು ಅವರಿಗೇ ಎಂದು ಚೀಟಿಯಲ್ಲಿ ಬರೆಯಿರಿ. ಕೊನೆಯ ದಿನ ಒಟ್ಟಿಗೆ ಇಡುವುದಕ್ಕಿಂತ ದಿನದಿನ ಇಡುವುದು ಒಳ್ಳೆಯದು, ಏಕೆಂದರೆ ಕೆಲಸದವರು ಬದಲಾಗುತ್ತಿರುತ್ತಾರೆ.

ಯುರೋಪಿನ ಕಥೆಯೇ ಬೇರೆ. ಅಲ್ಲಿ ಬಡಿಸುವುದೂ ಪಗಾರ, ರಜೆ, ಪಿಂಚಣಿ ಇರುವ ಒಂದು ನೌಕರಿ. ಫ್ರಾನ್ಸಿನಲ್ಲಿ ಮೆನುವಿನ ಬೆಲೆಯಲ್ಲೇ ಸೇವಾ ಶುಲ್ಕ ಸೇರಿರುತ್ತದೆ. ಸ್ವಿಟ್ಜರ್ಲೆಂಡಿನ ಹೋಟೆಲುಗಳಲ್ಲಿ 1974ರಿಂದ ಹೀಗೇ ಇದೆ. ಊಟ ಹಿಡಿಸಿದ್ದರೆ ಒಂದಿಷ್ಟು ಚಿಲ್ಲರೆ ಬಿಟ್ಟು ಬರುವುದು ಬರೀ ಸೌಜನ್ಯ, ಬಿಡದಿದ್ದರೆ ಯಾರೂ ಹಿಂದೆ ನೋಡುವುದಿಲ್ಲ. ಜರ್ಮನಿಯಲ್ಲಿ ದುಡ್ಡನ್ನು ಮೇಜಿನ ಮೇಲೆ ಬಿಟ್ಟು ಎದ್ದು ಬರುವ ಪದ್ಧತಿ ಇಲ್ಲ. ಬಿಲ್ಲು 37 ಯೂರೊ ಆಗಿದ್ದರೆ ಕೊಡುವಾಗಲೇ '40' ಎಂದು ಹೇಳಬೇಕು, ಉಳಿದದ್ದು ಅವರಿಗೆ. ಇಟಲಿಯಲ್ಲಿ ತಲೆಗಿಷ್ಟು ಎಂದು 'ಕೊಪೆರ್ತೊ' ಎಂಬ ಹೆಸರಿನಲ್ಲಿ ಒಂದೆರಡು ಯೂರೊ ಬಿಲ್ಲಿಗೆ ಬೀಳುತ್ತದೆ. ಅದು ಮೇಜಿನಲ್ಲಿ ಕೂತದ್ದಕ್ಕೆ ಹೋಟೆಲು ಹಾಕುವ ಶುಲ್ಕ, ಬಡಿಸಿದವನಿಗೆ ಹೋಗುವ ಟಿಪ್ ಅಲ್ಲ. ಮೋಸ ಮಾಡಿದರೆಂದು ಜಗಳಕ್ಕೆ ನಿಲ್ಲಬೇಡಿ.

ಬ್ರಿಟನ್ನಿನಲ್ಲಿ, ಮುಖ್ಯವಾಗಿ ಲಂಡನ್ನಿನಲ್ಲಿ, ಶೇ 12.5ರಷ್ಟು ಸೇವಾ ಶುಲ್ಕವನ್ನು ಬಿಲ್ಲಿಗೆ ಸೇರಿಸಿಯೇ ತರುತ್ತಾರೆ. ಅದು ಐಚ್ಛಿಕ ಎಂದು ಅಲ್ಲೇ ಬರೆದಿರುತ್ತದೆ, ಬೇಡವೆಂದರೆ ತೆಗೆಯುತ್ತಾರೆ. ಮೊದಲು ಈ ಹಣದಲ್ಲಿ ಮಾಲೀಕರು ಪಾಲು ಹಿಡಿದುಕೊಳ್ಳುತ್ತಿದ್ದರು. 2023ರಲ್ಲಿ ಸಂಸತ್ತು ಕಾಯಿದೆ ತಂದಿತು. 2024ರ ಅಕ್ಟೋಬರ್ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸಿನಲ್ಲಿ ಟಿಪ್ಪಿನ ಹಣವೆಲ್ಲ ಕೆಲಸಗಾರರಿಗೇ ಹೋಗಬೇಕು. ನನಗೆ ಇದು ಮೆಚ್ಚುಗೆಯಾದ ಕಾಯಿದೆ. ನಾವು ಕೊಟ್ಟದ್ದು ಯಾರ ಕೈ ಸೇರುತ್ತದೆ ಎಂಬ ಅನುಮಾನವೇ ಅಲ್ಲವೇ ಎಷ್ಟೋ ಸಲ ನಮ್ಮ ಕೈ ಕಟ್ಟುವುದು?

ಸೇವಾ ಶುಲ್ಕದ ವಿಷಯದಲ್ಲಿ ನಮ್ಮವರು ಇನ್ನೊಂದು ಕಡೆ ಎಡವುತ್ತಾರೆ. ಭಾರತದಲ್ಲಿ ಹೋಟೆಲುಗಳು ಗಿರಾಕಿಯನ್ನು ಕೇಳದೆ ಸೇವಾ ಶುಲ್ಕ ಹಾಕಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಕಲಬುರಗಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಅಂಥ ಬಿಲ್ಲು ಬಂದರೆ ತೆಗೆಯಿರಿ ಎಂದು ಧೈರ್ಯವಾಗಿ ಹೇಳಬಹುದು. ಸಿಂಗಾಪುರದಲ್ಲಿ ಈ ಮಾತು ನಡೆಯುವುದಿಲ್ಲ. ಅಲ್ಲಿ ಮೆನುವಿನ ಬೆಲೆಯ ಪಕ್ಕದಲ್ಲಿ ಎರಡು ಕೂಡಿಸುವ ಗುರುತು ಇದ್ದರೆ ಶೇ 10 ಸೇವಾ ಶುಲ್ಕ, ಅದರ ಮೇಲೆ ಶೇ 9 ತೆರಿಗೆ ಬೀಳುತ್ತದೆ ಎಂದು ಅರ್ಥ. 100 ಡಾಲರಿನ ಊಟ 119 ಡಾಲರು 90 ಸೆಂಟು ಆಗುತ್ತದೆ. ಇಷ್ಟು ಕೊಟ್ಟ ಮೇಲೆ ಟಿಪ್ ಬೇಕಿಲ್ಲ. ದುಡಿಯುವ ಜನ ಉಣ್ಣುವ ಹಾಕರ್ ಸೆಂಟರುಗಳಲ್ಲಿ ಶುಲ್ಕವೂ ಇಲ್ಲ, ಟಿಪ್ಪೂ ಇಲ್ಲ. ಉಂಡ ತಟ್ಟೆಯನ್ನು ನೀವೇ ಎತ್ತಿಡಬೇಕು, ಅಷ್ಟೆ. ಥಾಯ್ಲೆಂಡಿನಲ್ಲಿ ದೊಡ್ಡ ಹೋಟೆಲುಗಳು ಶೇ 10 ಸೇರಿಸುತ್ತವೆ. ಸಣ್ಣ ಹೋಟೆಲಿನಲ್ಲಿ 20 ಬಾತಿನ ನೋಟೊಂದನ್ನು ಬಿಟ್ಟರೆ ನಗುತ್ತ ಕೈಜೋಡಿಸುತ್ತಾರೆ.

ಜಪಾನಿನಲ್ಲಿ ಕೊಡಲೇಬೇಡಿ. ಒಳ್ಳೆಯ ಕೆಲಸ ಮಾಡುವುದು ಪಗಾರ ಪಡೆಯುವವನ ಕರ್ತವ್ಯ, ಅದಕ್ಕೆ ಬೇರೆ ದುಡ್ಡೇಕೆ ಎಂಬುದು ಅವರ ಭಾವನೆ. ಮೇಜಿನ ಮೇಲೆ ಬಿಟ್ಟುಬಂದರೆ ಮರೆತು ಹೋದಿರೆಂದು ಬಡಿಸಿದವರು ಬೀದಿಯ ತನಕ ಬಂದು ತಿರುಗಿ ಕೊಡುತ್ತಾರೆ. ಹಲವು ದಿನ ಜೊತೆಗಿದ್ದ ಮಾರ್ಗದರ್ಶಿಗೆ ಕೃತಜ್ಞತೆ ತೋರಿಸಲೇಬೇಕು ಅನ್ನಿಸಿದರೆ ಹೊಸ ನೋಟನ್ನು ಲಕೋಟೆಯಲ್ಲಿಟ್ಟು ಎರಡೂ ಕೈಯಿಂದ ಕೊಡಿ. ಊರಿನಿಂದ ಒಯ್ದ ಮಿಠಾಯಿ ಡಬ್ಬಿಯೂ ಅವರಿಗೆ ಅಷ್ಟೇ ಪ್ರೀತಿ. ದಕ್ಷಿಣ ಕೊರಿಯಾದಲ್ಲೂ ಟಿಪ್ಪಿನ ರೂಢಿ ಇಲ್ಲ.

ಕೊಲ್ಲಿಯ ದೇಶಗಳ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. ದುಬೈಯ ಹೋಟೆಲಿನಲ್ಲಿ ಬಡಿಸುವವರು, ಟ್ಯಾಕ್ಸಿ ಓಡಿಸುವವರು, ಕೋಣೆ ತೊಳೆಯುವವರು ಬಹುಪಾಲು ನಮ್ಮ ದೇಶದವರು, ನೇಪಾಳದವರು, ಬಾಂಗ್ಲಾದವರು, ಪಾಕಿಸ್ತಾನದವರು, ಫಿಲಿಪ್ಪೀನ್ಸಿನವರು. ಊರಿಗೆ ರೊಕ್ಕ ಕಳಿಸಲು ಬಂದವರು ಅವರು. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದ್ದರೂ ಅದು ಅವರ ಕೈ ಸೇರುತ್ತದೆಂಬ ಖಾತರಿಯಿಲ್ಲ. ಕಾನೂನು ಕೊಡಬೇಕೆಂದು ಹೇಳುವುದಿಲ್ಲ, ಆದರೆ ಐದೋ ಹತ್ತೋ ದಿರ್ಹಮನ್ನು ನೇರವಾಗಿ ಕೈಗೆ ಕೊಟ್ಟರೆ ಅದರ ಬೆಲೆ ಅವರಿಗೆ ಗೊತ್ತು. ಮೆಕ್ಕಾ, ಮದೀನಾಕ್ಕೆ ಹೋಗುವವರಿಗೂ ಇದೇ ಮಾತು. ಅಲ್ಲಿ ಬಿಸಿಲಿನಲ್ಲಿ ಕಸ ಗುಡಿಸುವವರಿಗೆ ಯಾತ್ರಿಕರು ಐದು-ಹತ್ತು ರಿಯಾಲು ಕೊಡುವುದು ರೂಢಿ, ಅದು ಸದಕಾದ, ಅಂದರೆ ದಾನದ, ಭಾವನೆಯಿಂದ ಬರುವುದು. ವಯಸ್ಸಾದವರನ್ನು ಗಾಲಿಕುರ್ಚಿಯಲ್ಲಿ ತಳ್ಳುವವರ ವಿಷಯ ಮಾತ್ರ ಬೇರೆ. ಅದು ಕೂಲಿ, ತವಾಫ್ (ಪ್ರದಕ್ಷಿಣೆ) ಶುರುವಾಗುವ ಮೊದಲೇ ದರ ಮಾತಾಡಿಕೊಳ್ಳಬೇಕು. ಮುಗಿದ ಮೇಲೆ ಖುಷಿಯಿಂದ ಹೆಚ್ಚು ಕೊಡುವುದು ನಿಮಗೆ ಬಿಟ್ಟದ್ದು.

ಕೈಲಾಸಕ್ಕೋ ನೇಪಾಳದ ಮುಕ್ತಿನಾಥಕ್ಕೋ ಹೋಗುವವರು ಹೊರೆ ಹೊರುವವರಿಗೆ, ಕುದುರೆಯವರಿಗೆ ಎಂದು ಒಂದು ಮೊತ್ತವನ್ನು ಮೊದಲೇ ತೆಗೆದಿಡಬೇಕು. ಉಸಿರು ಸಿಗದ ಎತ್ತರದಲ್ಲಿ ನಿಮ್ಮ ಚೀಲ ಹೊತ್ತವನ ಕೈಗೆ ಅದು ನೇರ ಮುಟ್ಟಬೇಕು, ತಂಡದ ನಾಯಕನ ಕೈಯಲ್ಲಿ ಒಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ.

ಈಗ ಗುಂಪು ಪ್ರವಾಸದ ಮಾತು, ನಮ್ಮ ಭಾಗದ ಬಹಳ ಜನ ಹೋಗುವುದು ಹಾಗೆಯೇ. 'ಎಲ್ಲ ಸೇರಿ ಇಷ್ಟು' ಎಂದು ಹೇಳಿದ ಮೊತ್ತದಲ್ಲಿ ಅನೇಕ ಸಲ ಟಿಪ್ ಸೇರಿರುವುದಿಲ್ಲ. ಯುರೋಪಿನ ಬಸ್ ಪ್ರವಾಸದಲ್ಲಿ ಚಾಲಕನಿಗೂ ಮಾರ್ಗದರ್ಶಿಗೂ ಸೇರಿ ಒಬ್ಬರಿಗೆ ದಿನಕ್ಕೆ ಇಷ್ಟು ಯೂರೊ ಎಂದು ಗೊತ್ತುಮಾಡಿ, ಹೊರಟ ಮೇಲೆ ಕೇಳುತ್ತಾರೆ. ದಿನಕ್ಕೆ 4 ಯೂರೊ ಎಂದರೂ ಗಂಡ-ಹೆಂಡತಿಗೆ ಹತ್ತು ದಿನಕ್ಕೆ 80 ಯೂರೊ, ಎಂಟು ಸಾವಿರ ರೂಪಾಯಿಯ ಆಸುಪಾಸು. ಹಡಗಿನ ಪ್ರವಾಸದಲ್ಲಂತೂ ಬಹಳಷ್ಟು ಕಂಪನಿಗಳು ದಿನದ ಟಿಪ್ಪನ್ನು ನಿಮ್ಮ ಖಾತೆಗೆ ತಾವೇ ಹಾಕುತ್ತ ಹೋಗುತ್ತವೆ, ಇಳಿಯುವ ದಿನ ಬಿಲ್ಲು ಕೈಗೆ ಬರುತ್ತದೆ. ಇದು ಮೋಸವಲ್ಲ, ಕರಾರಿನಲ್ಲಿ 'ಸೇರಿಲ್ಲದ ಖರ್ಚುಗಳು' ಎಂಬ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಮುಂಗಡ ಕೊಡಿಸಿಕೊಳ್ಳುವಾಗ ಬಾಯಿಬಿಟ್ಟು ಹೇಳದಿರುವುದು ಸರಿಯಲ್ಲ. ನಿವೃತ್ತಿಯ ಹಣದಲ್ಲಿ ಹೊರಟ ಹಿರಿಯರು ಮೂರನೆಯ ದಿನ ಬಸ್ಸಿನಲ್ಲಿ ಎಲ್ಲರೆದುರು ಪರ್ಸು ತೆಗೆದು ಎಣಿಸುವ ಪ್ರಸಂಗ ಬರಬಾರದು.

ದುಡ್ಡಿನ ರೂಪವೂ ಮುಖ್ಯ. ಹೊರಡುವ ಮೊದಲು ಹಣ ಬದಲಿಸಿಕೊಳ್ಳುವಾಗ ನೂರರ ನೋಟನ್ನಷ್ಟೇ ತರಬೇಡಿ, ಒಂದು ಮತ್ತು ಐದರ ನೋಟುಗಳನ್ನು ಕೇಳಿ ತೆಗೆದುಕೊಳ್ಳಿ. ಟಿಪ್ಪನ್ನು ಆಯಾ ದೇಶದ ನಾಣ್ಯದಲ್ಲೇ ಕೊಡಿ. ಬೇರೆ ದೇಶದ ಚಿಲ್ಲರೆಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಬದಲಿಸಿ ಕೊಡುವುದಿಲ್ಲ, ಪ್ಯಾರಿಸ್ಸಿನ ಬಡಿಸುವವನಿಗೆ ನಮ್ಮ ಹತ್ತರ ನೋಟಿನಿಂದ ಉಪಯೋಗವಿಲ್ಲ. ಹರಿದ, ಗೀಚಿದ ಡಾಲರು ನೋಟನ್ನು ಅನೇಕ ದೇಶಗಳಲ್ಲಿ ಮುಟ್ಟುವುದಿಲ್ಲ.

ಟಿಪ್ಪಿಗೂ ಲಂಚಕ್ಕೂ ನಡುವಿನ ಗೆರೆಯನ್ನು ಹೊರದೇಶದಲ್ಲಿ ಎಂದೂ ದಾಟಬೇಡಿ. ಕಚೇರಿಯ ಕೆಲಸಕ್ಕೆ 'ಚಹಾ-ಪಾನಿ' ಕೊಟ್ಟು ಅಭ್ಯಾಸವಾದವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ವಿಮಾನ ನಿಲ್ದಾಣದ ವಲಸೆ ಅಧಿಕಾರಿ, ಸುಂಕದವರು, ಪೊಲೀಸರು, ಇವರ ಕೈಗೆ ಬೇಗ ಬಿಡಲಿ ಎಂದು ಏನೂ ಕೊಡಬಾರದು, ಪಾಸ್‌ಪೋರ್ಟಿನೊಳಗೆ ನೋಟು ಇಡಬಾರದು. ಸಿಂಗಾಪುರದಲ್ಲಿ 1960ರಿಂದ ಇರುವ ಭ್ರಷ್ಟಾಚಾರ ತಡೆ ಕಾಯಿದೆಯಲ್ಲಿ ಲಂಚ ಕೊಡಲು ಮುಂದಾಗುವುದೇ ಅಪರಾಧ, ತೆಗೆದುಕೊಳ್ಳಬೇಕೆಂದೇನೂ ಇಲ್ಲ. ಜೈಲು ನಿಜವಾಗಿಯೂ ಆಗುತ್ತದೆ.

ಇಷ್ಟು ದೇಶಗಳ ರೂಢಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಯಾವ ದೇಶಕ್ಕೆ ಹೋದರೂ ಒಂದು ಪ್ರಶ್ನೆ ಕೇಳಿದರೆ ಸಾಕು: ನನಗೆ ಬಡಿಸುವವರ ಪಗಾರ ಯಾರಿಂದ ಬರುತ್ತದೆ? ಮಾಲೀಕನಿಂದ ಪೂರ್ತಿ ಬರುವುದಾದರೆ ನಿಮ್ಮ ಟಿಪ್ ಖುಷಿಯ ವಿಷಯ. ನಿಮ್ಮಿಂದಲೇ ಬರುವುದಾದರೆ ಅದು ಬಾಕಿ, ಕೊಟ್ಟೇ ಎದ್ದು ಬರಬೇಕು. ಅಮೆರಿಕದಲ್ಲಿರುವ ಮಕ್ಕಳು ಆ ಖಾಲಿ ಗೆರೆಯ ಮೇಲೆ ಬರೆಯುವಾಗ, ದಯವಿಟ್ಟು, ಕೈ ತಡೆಯಬೇಡಿ. ಟೂರಿಗೆ ಮುಂಗಡ ಕೊಡುವ ದಿನ ಟಿಪ್ ಸೇರಿದೆಯೇ, ಇಲ್ಲದಿದ್ದರೆ ದಿನಕ್ಕೆ ಎಷ್ಟು, ಯಾವ ನಾಣ್ಯದಲ್ಲಿ, ಯಾರ ಕೈಗೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.